ಸ್ಲಡ್ಜ್ ಹುಟ್ಟುವುದೇ ರಿಯಾಕ್ಟರಿನಲ್ಲಿ

ಬೀದರಿನ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಘಟಕದಲ್ಲಿ ನೈಟ್ರೋ ಸಂಯುಕ್ತವನ್ನು ಕಬ್ಬಿಣದ ಪುಡಿ, ಆ್ಯಸಿಡ್ ಹಾಕಿ ಅಮೀನ್ ಮಾಡುತ್ತೇವೆ. ಕಪ್ಪು ಸ್ಲಡ್ಜ್ (ಕೆಸರಿನಂಥ ತ್ಯಾಜ್ಯ) ರಾಶಿ ಬೀಳುತ್ತಿದೆ. ಸುಡುವುದು ಮೇಲೋ, ಹೂಳುವುದೋ?’

ಸಂಪಾದಕರ ಉತ್ತರ: ಎರಡಕ್ಕಿಂತ ಮೇಲಾದದ್ದು ಅದು ಹುಟ್ಟದಂತೆ ನೋಡಿಕೊಳ್ಳುವುದು. ನೈಟ್ರೋಬೆಂಜೀನ್‌ನಿಂದ ಮಾಡುವ ಸರಳ ಅಮೀನ್ ಆದ ಅನಿಲಿನ್ ಲೆಕ್ಕವನ್ನೇ ಹಿಡಿಯಿರಿ. ಒಂದು ಕಿಲೋ ಅನಿಲಿನ್‌ಗೆ 1.35 ಕಿಲೋ ಕಬ್ಬಿಣ ಬೇಕು, 1.86 ಕಿಲೋ ಕಪ್ಪು ಆಕ್ಸೈಡ್ ಉಳಿಯುತ್ತದೆ. ಇದು ಒಣ ತೂಕ. ನೀರು, ಉಳಿದ ಕಬ್ಬಿಣ ಸೇರಿದರೆ ಇನ್ನೂ ಹೆಚ್ಚು. ಅದೇ ಕೆಲಸವನ್ನು ಹೈಡ್ರೋಜನ್ ಮತ್ತು ವೇಗವರ್ಧಕದಿಂದ ಮಾಡಿದರೆ ಜೊತೆಗೆ ಬರುವುದು 0.39 ಕಿಲೋ ನೀರು.

ಆಕ್ಸೈಡಿಗಿಂತ ಅದರೊಳಗೆ ಸಿಕ್ಕಿಕೊಂಡ ಅಮೀನ್ ಅಪಾಯಕಾರಿ. ಫಿಲ್ಟರ್ ಪ್ರೆಸ್ (ಸ್ಲಡ್ಜನ್ನು ಬಟ್ಟೆಯಲ್ಲಿ ಒತ್ತಿ ಸೋಸುವ ಯಂತ್ರ) ಬಿಚ್ಚಿ, ಬಟ್ಟೆಗೆ ಅಂಟಿದ ಗಟ್ಟಿ ಸ್ಲಡ್ಜ್ ಅಂದರೆ ಕೇಕನ್ನು ಕೆರೆಯುವವರ ಕೈಗೆ ಸರಿಯಾದ ಗವಸು ಇಲ್ಲದಿದ್ದರೆ ಅನಿಲಿನ್ ಚರ್ಮದ ಮೂಲಕವೇ ರಕ್ತ ಸೇರುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಪದ್ಧತಿ ಬದಲಾಗುವವರೆಗೆ ಕೇಕನ್ನು ಪ್ರೆಸ್ಸಿನಲ್ಲೇ ದ್ರಾವಕದಿಂದ ತೊಳೆದು, ಹಬೆ ಹಾಯಿಸಿ ಅಮೀನ್ ಹಿಂಪಡೆಯಿರಿ. ತೆರೆಯುವುದು ಆಮೇಲೆ.

ಹೈಡ್ರೋಜನ್‌ಗೆ ಹೋಗುವಾಗ ಎಡವುವ ಜಾಗ ಬೇರೆ. ಒಂದು ಮೋಲ್ ನೈಟ್ರೋ ಗುಂಪಿಗೆ ಸುಮಾರು 540 ಕಿಲೋಜೌಲ್ ಶಾಖ ಹೊಮ್ಮುತ್ತದೆ. ವೇಗವರ್ಧಕ ಮಂಕಾದರೆ ಅಥವಾ ತಾಪ ಕಡಿಮೆಯಿದ್ದರೆ ಕ್ರಿಯೆ ಅರ್ಧದಲ್ಲಿ ನಿಂತು ಹೈಡ್ರಾಕ್ಸಿಲಮೀನ್ ಎಂಬ ನಡುವಿನ ಹಂತದ ಸಂಯುಕ್ತ ಶೇಖರವಾಗುತ್ತದೆ. ಅದು ವಿಷ, ಬಿಸಿಯಾದರೆ ಹಠಾತ್ತನೆ ಕೆರಳುತ್ತದೆ. ಆದ್ದರಿಂದ ನೈಟ್ರೋವನ್ನು ಒಮ್ಮೆಲೇ ಸುರಿಯಬೇಡಿ. ನೈಟ್ರೋಜನ್‌ನಿಂದ ಗಾಳಿ ಹೊರಹಾಕಿ, ದ್ರಾವಕ, ವೇಗವರ್ಧಕ, ಹೈಡ್ರೋಜನ್ ಕೆಲಸದ ತಾಪಕ್ಕೆ ಬಂದ ಮೇಲೆ ನೈಟ್ರೋವನ್ನು ನಿಧಾನವಾಗಿ ಪಂಪ್ ಮಾಡಿ. ಒಂದು ಮೋಲ್ ನೈಟ್ರೋ ಗುಂಪಿಗೆ ಮೂರು ಮೋಲ್ ಹೈಡ್ರೋಜನ್ ಖರ್ಚಾಗಬೇಕು. ಹಾಕಿದ್ದಕ್ಕೆ ತಕ್ಕಷ್ಟು ಹೈಡ್ರೋಜನ್ ಹೀರದಿದ್ದರೆ ತಕ್ಷಣ ನೈಟ್ರೋ ಪಂಪ್ ಮಾಡುವುದನ್ನು ನಿಲ್ಲಿಸಿ. ತಾಪ ಏರಿಸುವ ಆಸೆಗೆ ಬೀಳಬೇಡಿ, ಸ್ಯಾಂಪಲ್ ಪರೀಕ್ಷಿಸಿ. ಅತ್ಯಲ್ಪ ವೆನೇಡಿಯಂ ಲವಣ ಸೇರಿಸಿದರೆ ಹೈಡ್ರಾಕ್ಸಿಲಮೀನ್ ಶೇಖರಣೆ ಬಹಳ ತಗ್ಗುತ್ತದೆ.

ನಿಮ್ಮದು ಕ್ಲೋರೋ ಸಂಯುಕ್ತವಾಗಿದ್ದರೆ ಸಾದಾ ಪಲ್ಲಾಡಿಯಂ ವೇಗವರ್ಧಕ ಬೇಡ. ಅದು ಕ್ಲೋರಿನ್ನನ್ನೂ ಕಿತ್ತುಹಾಕುತ್ತದೆ. ಹುಟ್ಟುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಸ್ಟೀಲ್ ಪಾತ್ರೆಯನ್ನೇ ತಿನ್ನುತ್ತದೆ. ಗಂಧಕದಿಂದ ಪಳಗಿಸಿದ ಪ್ಲಾಟಿನಂ ಇದಕ್ಕೆಂದೇ ಸಿಗುತ್ತದೆ.

ಸೋಸಿದ ವೇಗವರ್ಧಕ ಒಣಗಲು ಬಿಡಬೇಡಿ. ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ದ್ರಾವಕದ ಆವಿ ಇರುತ್ತದೆ. ನೀರಿನಲ್ಲಿ ಮುಳುಗಿಸಿ, ಮುಚ್ಚಿದ ಡ್ರಮ್ಮಿನಲ್ಲಿಟ್ಟು ಲೋಹ ಮರುಪಡೆಯುವವರಿಗೆ ಕಳಿಸಿ.