ಕಂಪ್ಯೂಟರಿನಲ್ಲಿ ಕೂಡಿಸಿದ ಬೀಟ್ ಸರಿಯಾಗಿಯೇ ಇದೆ, ಆದರೂ ಕೇಳಿದವರ ತಲೆ ಅಲುಗುವುದಿಲ್ಲ. 40,000 ರೂಪಾಯಿಯ ಸ್ಪೀಕರ್ ಕೊಳ್ಳಲೇ, ಸದ್ದು ತಿದ್ದುವ ಹೊಸ ಸಾಫ್ಟ್‌ವೇರ್, ಅಂದರೆ ಪ್ಲಗಿನ್ ಕೊಳ್ಳಲೇ?

ಎರಡೂ ಬೇಡ. "ಪ್ರತಿ ಪೆಟ್ಟೂ ಗ್ರಿಡ್‌ನ ಗೆರೆಯ ಮೇಲೆ ಕರಾರುವಾಕ್ಕಾಗಿ ಕೂತಿದೆ, ಆದರೂ ಸಪ್ಪೆ" ಎಂದು ಬರೆದಿದ್ದೀರಿ. ಗ್ರಿಡ್ ಎಂದರೆ ಪರದೆಯ ಮೇಲೆ ಕಾಲವನ್ನು ಸಮನಾಗಿ ಹಂಚುವ ಗೆರೆಗಳು. ಆ "ಆದರೂ" ಎನ್ನುವುದನ್ನು ಹೊಡೆದುಹಾಕಿ. ಹಾಗೆ ಕೂತಿರುವುದರಿಂದಲೇ ಸಪ್ಪೆ. ಆರು ವರ್ಷದ ಹಿಂದೆ ನಾನೂ ನಿಮ್ಮ ಜಾಗದಲ್ಲೇ ಇದ್ದೆ. ವ್ಯತ್ಯಾಸವೆಂದರೆ, ಅಷ್ಟು ಹೊತ್ತಿಗೆ ನಾನು ಸ್ಪೀಕರ್ ಕೊಂಡಾಗಿತ್ತು.

ನಮ್ಮದು ಕಡೂರಿನ ಹತ್ತಿರದ ಹಳ್ಳಿ. ಹಾಸನದ ನೃತ್ಯ ತಂಡವೊಂದು ವೀರಗಾಸೆಯ ಲಯ ಇಟ್ಟುಕೊಂಡು ಏಳು ನಿಮಿಷದ ಎಲೆಕ್ಟ್ರಾನಿಕ್ ಸಂಗೀತ ಮಾಡಿಕೊಡಿ ಎಂದಿತು. ನಮ್ಮ ದೊಡ್ಡಪ್ಪ ವೀರಗಾಸೆ ಕುಣಿದವರು, ಕರಡೆ ಎಂಬ ಚರ್ಮವಾದ್ಯವನ್ನೂ ಬಾರಿಸುತ್ತಾರೆ. ಅವರನ್ನು ಜಗುಲಿಯ ಮೇಲೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ನಿಮಿಷಕ್ಕೆ 100 ಸಲ ಬಡಿಯುವ ಕ್ಲಿಕ್ ಸದ್ದು ಕೊಟ್ಟೆ. "ಈ ಟಿಕ್‌ಟಿಕ್ ಇಲ್ಲದಿದ್ದರೆ ನನಗೆ ಲೆಕ್ಕ ತಪ್ಪುತ್ತದೆ ಎಂದುಕೊಂಡೆಯೇನೋ?" ಎಂದು ನಕ್ಕು, ಇಪ್ಪತ್ತು ನಿಮಿಷ ಬಿಡದೆ ಬಾರಿಸಿದರು.

ಮುಂದಿನದನ್ನು ಎಳೆದೆಳೆದು ಹೇಳುತ್ತೇನೆ, ಸಹಿಸಿಕೊಳ್ಳಿ. ರಾತ್ರಿ ಪರದೆಯ ಮೇಲೆ ಅಲೆಯನ್ನು ಹಿಗ್ಗಿಸಿ ನೋಡಿದರೆ, ಒಂದು ಎಣಿಕೆಯೊಳಗಿನ ನಾಲ್ಕು ಪೆಟ್ಟುಗಳಲ್ಲಿ ಮೂರನೆಯದು ಗೆರೆಯಿಂದ ಸುಮಾರು 25 ಮಿಲಿಸೆಕೆಂಡ್ ತಡವಾಗಿ ಬಿದ್ದಿತ್ತು. ನನ್ನ ಬಫರ್ (ಕಂಪ್ಯೂಟರ್ ಸದ್ದನ್ನು ತುಸು ಹೊತ್ತು ಹಿಡಿದಿಡುವ ಜಾಗ) ಸದ್ದಿನ 1,024 ತುಣುಕುಗಳಿಗೆ, ಅಂದರೆ ಸ್ಯಾಂಪಲ್‌ಗಳಿಗಿತ್ತು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಲೆಕ್ಕದಲ್ಲಿ ಅದು 23 ಮಿಲಿಸೆಕೆಂಡ್. 23ಕ್ಕೂ 25ಕ್ಕೂ ಎಷ್ಟು ದೂರ? ಕಳ್ಳ ಸಿಕ್ಕಿದ, ಇದು ಕಂಪ್ಯೂಟರಿನ ತಡ ಎಂದು ತೀರ್ಮಾನಿಸಿಬಿಟ್ಟೆ.

ಬಫರಿನ ತಡವಾಗಿದ್ದರೆ ನಾಲ್ಕೂ ಪೆಟ್ಟುಗಳು ಒಂದೇ ಅಳತೆಯಲ್ಲಿ ಹಿಂದೆ ಬೀಳಬೇಕಿತ್ತು. ಯಂತ್ರಕ್ಕೆ ಮೂರನೆಯದರ ಮೇಲೆ ಮಾತ್ರ ಏನು ಹಗೆ? ಒಂದು, ಎರಡು, ನಾಲ್ಕು ಗೆರೆಯ ಮೇಲೇ ಇದ್ದವು! ನಿಮಿಷಕ್ಕೆ 100ರಂತೆ ಇಪ್ಪತ್ತು ನಿಮಿಷಕ್ಕೆ ಎರಡು ಸಾವಿರ ಎಣಿಕೆ. ಎರಡು ಸಾವಿರ ಸಲ ಅದೇ ಜಾಗದಲ್ಲಿ ಅಷ್ಟೇ ತಡ ಮಾಡುವವನನ್ನು ತಪ್ಪಿದ ಎನ್ನಲಾದೀತೇ? ಅದು ಕಂಪ್ಯೂಟರಿನದಲ್ಲ, ದೊಡ್ಡಪ್ಪನ ಕೈ. ಇಷ್ಟು ಯೋಚಿಸಲು ಅರ್ಧ ನಿಮಿಷ ಸಾಕಿತ್ತು. ನಾನು ಯೋಚಿಸಲಿಲ್ಲ. ಮನೆಯವರು ಮಲಗಿದ್ದರೆಂದು ಮೂರು ತಾಸು ಸದ್ದನ್ನು ಪೂರ್ತಿ ಇಳಿಸಿ, ಅಲೆಗಳನ್ನು ನೋಡುತ್ತಲೇ ಕೆಲಸ ಮಾಡಿದ್ದೆ. ಸಂಗೀತದ ಕೆಲಸವನ್ನು! ಕ್ವಾಂಟೈಸ್, ಅಂದರೆ ಪೆಟ್ಟುಗಳನ್ನು ಗೆರೆಗೆ ಎಳೆದು ಕೂರಿಸುವ ಗುಂಡಿ, ನೂರಕ್ಕೆ ನೂರು ಒತ್ತಿದೆ. ಎಲ್ಲೆಲ್ಲಿಂದಲೋ ಇಳಿಸಿಕೊಂಡ ಡ್ರಮ್ ಸದ್ದುಗಳಿಂದ ಡಿಸ್ಕ್ ತುಂಬಿತ್ತು, ಜಾಗಕ್ಕಾಗಿ ಮೂಲ ಫೈಲನ್ನು ಅಳಿಸಿದೆ.

ಅಭ್ಯಾಸ ಶುರುವಾದ ವಾರದಲ್ಲೇ ನೃತ್ಯದ ಮೇಡಂ ಫೋನ್ ಮಾಡಿ, ಎರಡನೆಯ ನಿಮಿಷಕ್ಕೇ ಮಕ್ಕಳ ಕಾಲು ಸೋಲುತ್ತಿದೆ ಎಂದರು. ಅದನ್ನು ನಾನು ದೊಡ್ಡಪ್ಪನಿಗೆ ಹಾಕಿ ಕೇಳಿಸಿದೆ. ಅವರು ನಿಂತು ಬಲಗಾಲು ಎತ್ತಿದರು, ತಡವರಿಸಿ ಇಳಿಸಿದರು. "ಎತ್ತಿದ ಕಾಲು ಇಡುವುದಕ್ಕೆ ಜಾಗವೇ ಇಲ್ಲವಲ್ಲೋ. ಯಾರು ಬಾರಿಸಿದ್ದು?" ಎಂದರು. ಅವರದೇ ಕೈ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ತಂಡ ಬೇರೊಬ್ಬರನ್ನು ಹುಡುಕಿಕೊಂಡಿತು, ಮುಂಗಡ ಹಿಂತಿರುಗಿಸಿದೆ.

ಸ್ವಿಂಗ್ ಗುಂಡಿ ಇದೆಯಲ್ಲ ಎನ್ನುತ್ತೀರಿ. ಇದೆ. ಅಮೆರಿಕದ ರೋಜರ್ ಲಿನ್ 1980ರಲ್ಲಿ ತಂದ ಎಲ್‌ಎಂ-1 ಡ್ರಮ್ ಯಂತ್ರದಲ್ಲಿ ಕ್ವಾಂಟೈಸೂ ಇತ್ತು, ಸ್ವಿಂಗೂ ಇತ್ತು, ರೋಗ ಮದ್ದು ಎರಡೂ ಒಂದೇ ಅಂಗಡಿಯಲ್ಲಿ. ಸ್ವಿಂಗ್ ಮಾಡುವುದಿಷ್ಟೇ: ಜೋಡಿ ಪೆಟ್ಟುಗಳಲ್ಲಿ ಎರಡನೆಯದನ್ನು ತುಸು ತಡಮಾಡಿಸುತ್ತದೆ. ಶೇ 50 ಎಂದರೆ ಸಮಪಾಲು, ಶೇ 66 ಎಂದರೆ ಹೆಚ್ಚುಕಡಿಮೆ ಮೊದಲನೆಯದಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು ಪಾಲು. ಅಂದರೆ ಅದು ಅಲುಗಿಸುವುದು ಎರಡು ಮತ್ತು ನಾಲ್ಕನೆಯ ಪೆಟ್ಟನ್ನು. ದೊಡ್ಡಪ್ಪನ ಕೈ ಎಳೆಯುತ್ತಿದ್ದುದು ಮೂರನೆಯದನ್ನು. ಯಾವ ಗುಂಡಿಯಲ್ಲೂ ಅದು ಸಿಗಲಿಲ್ಲ, ಸುಮಾರು ಒಂದು ವರ್ಷ ಹುಡುಕಿದೆ.

ಆಮೇಲೆ ಕಿವಿ ಸ್ವಲ್ಪ ತೆರೆದದ್ದು ಮೂಡಿಗೆರೆಯ ಕಡೆ, ನೆಂಟರ ಕಾಫಿ ತೋಟದಲ್ಲಿ. ಫೆಬ್ರುವರಿ ಕೊನೆ, ಹೂ ಅರಳಲೆಂದು ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಹಾಕಿದ್ದರು. ನೀರಿನ ಒತ್ತಡಕ್ಕೆ ಅದರ ತೋಳು ಚಿಕ್ ಚಿಕ್ ಎಂದು ಬಡಿಯುತ್ತಾ ಸುತ್ತುತ್ತದೆ. ನಿದ್ದೆ ಬಾರದೆ ತೊಡೆಯ ಮೇಲೆ ಅದರ ಜೊತೆಗೇ ತಟ್ಟುತ್ತಾ ಹೋದೆ. ಒತ್ತಡ ತುಸು ಇಳಿದಾಗ ಬಡಿತ ಹಿಂಜರಿಯುತ್ತಿತ್ತು, ನನ್ನ ಬೆರಳು ಮಾತ್ರ ಮುಂದೆ ಓಡಿ ಬೀಳುತ್ತಿತ್ತು. ಬೆಳಗಿನ ಜಾವದ ಹೊತ್ತಿಗೆ ಹಿಂಜರಿಕೆ ಬರುವ ಮೊದಲೇ ಬೆರಳಿಗೆ ತಿಳಿಯತೊಡಗಿತು. ಸೃಜನಶೀಲತೆ ಬತ್ತಿದೆಯೇ ಎಂದು ನೀವು ಪ್ರಶ್ನೆಯ ಕೊನೆಯಲ್ಲಿ ಕೇಳಿದ್ದೀರಿ, ಬಿಡಿ, ಆ ದೊಡ್ಡ ಮಾತು ಈಗ ಬೇಡ. ನಿಮ್ಮ ಬೆರಳು ಗ್ರಿಡ್ಡನ್ನು ಬಿಟ್ಟು ಬೇರೆ ಯಾವುದನ್ನಾದರೂ ಹಿಂಬಾಲಿಸಿದೆಯೇ, ಅದನ್ನು ಹೇಳಿ.

ಒಂದು ತಿಂಗಳು ಮೌಸ್‌ನಿಂದ ಪೆಟ್ಟು ಇಡಬೇಡಿ. ಮೇಜಿನ ಮೇಲೆ ಬೆರಳಿನಿಂದ ಬಾರಿಸಿ ಮುದ್ರಿಸಿ. ಕ್ವಾಂಟೈಸ್ ಇಲ್ಲದೆ ಆಗುವುದೇ ಇಲ್ಲ ಎನಿಸಿದರೆ ಶೇ 30, 40ಕ್ಕೆ ನಿಲ್ಲಿಸಿ. ಬಳಿಕ ಒಂದೇ ಒಂದು ಪೆಟ್ಟನ್ನು 10, 20 ಮಿಲಿಸೆಕೆಂಡ್ ಅತ್ತಿತ್ತ ಸರಿಸಿ, ಪರದೆ ಕಾಣದಂತೆ ಅಡುಗೆಮನೆಯಲ್ಲಿ ನಿಂತು ಕೇಳಿ. ಸ್ಪೀಕರ್ ಯಾವುದಾದರೂ ಆದೀತು.

ಮರುವರ್ಷ ದೊಡ್ಡಪ್ಪನನ್ನು ಮತ್ತೆ ಕೂರಿಸಿದೆ. ಅಷ್ಟರಲ್ಲಿ ಭುಜ ನೋವು ಶುರುವಾಗಿತ್ತು. ಮೂರನೆಯ ಪೆಟ್ಟು ಈಗಲೂ ತಡವಾಗಿಯೇ ಬರುತ್ತದೆ, ಆದರೆ ಮೊದಲಿನಷ್ಟಲ್ಲ, ಒಮ್ಮೊಮ್ಮೆ ಬರುವುದೂ ಇಲ್ಲ. ಆ ಇಪ್ಪತ್ತು ನಿಮಿಷ ಎಲ್ಲಿಯೂ ಉಳಿದಿಲ್ಲ. ಕೈಯಲ್ಲಿ ನಿಜವಾಗಿಯೂ 40,000 ಇದ್ದರೆ, ಎರಡು ಹಾರ್ಡ್ ಡಿಸ್ಕ್ ಕೊಂಡು ಮಿಕ್ಕಿದ್ದನ್ನು ಮನೆಗೆ ಕೊಡಿ.