ಮೆದು ಪದರವೇ ಲೆಕ್ಕ ತಿರುಗಿಸುತ್ತದೆ

ಪ್ರಶ್ನೆ: ಅಮೆರಿಕದ ಎಎಸ್‌ಸಿಇ 7-16 ಮಾನದಂಡದ ಪ್ರಕಾರ ಭೂಕಂಪ ಬಲ ಲೆಕ್ಕ ಹಾಕುತ್ತಿದ್ದೇವೆ. ಮೇಲಿನ 10 ಮೀಟರ್ ಮಣ್ಣಿನಲ್ಲಿ ಶಿಯರ್ ಅಲೆಯ (ನೆಲವನ್ನು ಅಡ್ಡಕ್ಕೆ ಅಲುಗಿಸುವ ಅಲೆ) ವೇಗ ಸೆಕೆಂಡಿಗೆ 150 ಮೀಟರ್, ಕೆಳಗಿನ 20 ಮೀಟರಿನಲ್ಲಿ 500. ಸರಾಸರಿ 383 ಬಂತು, ಸೈಟ್ ಕ್ಲಾಸ್ (ನೆಲದ ಗಟ್ಟಿತನದ ದರ್ಜೆ) ಸಿ ಎಂದು ಹಿಡಿದೆವು. ಸರಿಯೇ?

ಉತ್ತರ: ಸರಿಯಲ್ಲ. ಇಲ್ಲಿ ವೇಗಗಳ ಸರಾಸರಿ ತೆಗೆಯುವಂತಿಲ್ಲ, ಅಲೆ ಹಾದುಹೋಗಲು ಹಿಡಿಯುವ ಸಮಯವನ್ನು ಕೂಡಬೇಕು. 10 ಭಾಗಿಸು 150 ಅಂದರೆ 0.067 ಸೆಕೆಂಡು, 20 ಭಾಗಿಸು 500 ಅಂದರೆ 0.040. ಒಟ್ಟು 0.107. ಈಗ 30 ಮೀಟರನ್ನು ಇದರಿಂದ ಭಾಗಿಸಿದರೆ ಸುಮಾರು 281, ಅಂದರೆ ಸಿಗಿಂತ ಮೆದುವಾದ ಕ್ಲಾಸ್ ಡಿ. ಮೆದು ಪದರದ ದಪ್ಪ ಮೂರರಲ್ಲೊಂದು ಪಾಲಾದರೂ ಅರ್ಧಕ್ಕಿಂತ ಹೆಚ್ಚು ಸಮಯ ಅದರಲ್ಲೇ ಕಳೆಯುತ್ತದೆ.

ಇದನ್ನು ಸಣ್ಣ ತಪ್ಪೆಂದು ಬಿಡಬೇಡಿ. ಮಾನದಂಡದ ಭೂಕಂಪ ನಕ್ಷೆಯ ಅಂಕಿಗಳು ಸೆಕೆಂಡಿಗೆ 760 ಮೀಟರ್ ವೇಗದ ಗಟ್ಟಿ ನೆಲಕ್ಕೆ ಕೊಟ್ಟವು. ನಿಮ್ಮ ಮಣ್ಣಿಗೆ ಹೊಂದಿಸುವುದು ಸೈಟ್ ಗುಣಾಂಕದ ಕೆಲಸ. 1 ಸೆಕೆಂಡಿನ ಅವಧಿಗೆ (ಕಟ್ಟಡ ಒಮ್ಮೆ ಅತ್ತಿತ್ತ ತೂಗಲು ಹಿಡಿಯುವ ಸಮಯ) ನಕ್ಷೆ ಮೌಲ್ಯ 0.6 ಜಿ ಎನ್ನಿ; ಜಿ ಎಂದರೆ ಗುರುತ್ವ ವೇಗೋತ್ಕರ್ಷ. ಕ್ಲಾಸ್ ಸಿ ಗುಣಾಂಕ 1.4, ಡಿಗೆ 1.7. ಗುಣಿಸಿ ಮೂರನೇ ಎರಡು ಭಾಗ ಹಿಡಿದರೆ ವಿನ್ಯಾಸ ಮೌಲ್ಯ ಕ್ರಮವಾಗಿ 0.56 ಮತ್ತು 0.68 ಜಿ. ಎತ್ತರದ ಕಟ್ಟಡಕ್ಕೆ ನೀವು ಸುಮಾರು 18% ಕಡಿಮೆ ಬಲ ಹಿಡಿದಂತಾಯಿತು. ಅಲ್ಪ ಅವಧಿಯಲ್ಲಿ ಉಲ್ಟಾ: ನಕ್ಷೆ ಮೌಲ್ಯ 1.5 ಜಿ ಇದ್ದಾಗ ಸಿ ಗುಣಾಂಕ 1.2, ಡಿಗೆ 1.0. ತಗ್ಗು ಕಟ್ಟಡಕ್ಕೆ ಅನಗತ್ಯ ಕಬ್ಬಿಣ, ಎತ್ತರದ್ದಕ್ಕೆ ಕೊರತೆ. ಒಂದೇ ತಪ್ಪಿನಿಂದ ಎರಡೂ.

ಇನ್ನೊಂದು ವಿಷಯ. ಕ್ಲಾಸ್ ಡಿ ನೆಲದಲ್ಲಿ 1 ಸೆಕೆಂಡಿನ ನಕ್ಷೆ ಮೌಲ್ಯ 0.2 ಜಿ ಅಥವಾ ಹೆಚ್ಚಿದ್ದರೆ, ಆ ಸ್ಥಳಕ್ಕೇ ಪ್ರತ್ಯೇಕ ವಿಶ್ಲೇಷಣೆ ಮಾಡಿಸಬೇಕು. ಅಲ್ಪ ಅವಧಿ ಮತ್ತು 1 ಸೆಕೆಂಡು ಎಂಬ ಎರಡೇ ಬಿಂದುಗಳಿಂದ ಎಳೆದ ವಕ್ರರೇಖೆ ಮೆದು ನೆಲದ ದೀರ್ಘಾವಧಿ ಅಲುಗಾಟವನ್ನು ಕಡಿಮೆ ತೋರಿಸುತ್ತದೆ, ಅದಕ್ಕೇ ಈ ನಿಯಮ. ಆ ವಿಶ್ಲೇಷಣೆ ಬಿಡುವ ವಿನಾಯಿತಿ ಬಳಸುವುದಾದರೆ, ಕಟ್ಟಡದ ಅವಧಿ ಟಿಎಸ್‌ನ (1 ಸೆಕೆಂಡಿನ ವಿನ್ಯಾಸ ಮೌಲ್ಯವನ್ನು ಅಲ್ಪ ಅವಧಿಯದರಿಂದ ಭಾಗಿಸಿದ್ದು) ಒಂದೂವರೆ ಪಟ್ಟು ದಾಟಿದಲ್ಲಿ ಬಲದ ಗುಣಾಂಕವನ್ನು 1.5ರಿಂದ ಗುಣಿಸಬೇಕು. ಮೇಲಿನ ಅಂಕಿಗಳಲ್ಲಿ ಟಿಎಸ್ 0.68 ಸೆಕೆಂಡು, ಹಾಗಾಗಿ 1.02 ಸೆಕೆಂಡು ದಾಟಿದ ಕಟ್ಟಡಗಳಿಗೆಲ್ಲ ಇದು ಅನ್ವಯ. ಈ ಗುಣಕ ಮರೆತ ಲೆಕ್ಕಪತ್ರವನ್ನು ಒಪ್ಪಲೇಬೇಡಿ. ಎಎಸ್‌ಸಿಇ 7-22ರಲ್ಲಿ (ನಂತರದ ಆವೃತ್ತಿ) 22 ಅವಧಿಗಳ ಮೌಲ್ಯ ನೇರವಾಗಿ ಸಿಗುವುದರಿಂದ ಈ ತೊಡಕು ಬಹುಪಾಲು ತಪ್ಪಿದೆ.

ಪ್ರಶ್ನೆ: 2475 ವರ್ಷದ ಅಲುಗಾಟ ಎಂದರೆ ಅಷ್ಟು ವರ್ಷಕ್ಕೊಮ್ಮೆ ಬರುವುದೇ?

ಉತ್ತರ: ಗಡಿಯಾರದಂತೆ ಅಲ್ಲ. 50 ವರ್ಷದಲ್ಲಿ ಆ ಮಟ್ಟ ಮೀರುವ ಸಾಧ್ಯತೆ 2% ಎಂಬುದನ್ನೇ ವಾರ್ಷಿಕ ದರಕ್ಕೆ ಇಳಿಸಿ ತಲೆಕೆಳಗು ಮಾಡಿದರೆ 2475 ಬರುತ್ತದೆ. 10% ಆದರೆ 475. ಪೂರ್ತಿ 2475 ವರ್ಷ ಕಾದರೂ ಒಮ್ಮೆಯಾದರೂ ಮೀರುವ ಸಾಧ್ಯತೆ 63% ಮಾತ್ರ.