ಉದ್ಯೋಗ ಸಂಶೋಧನೆ: ಗಣಿತಕ್ಕೆ ಹೆದರಬೇಡಿ

ಗಣಿತ ಸಾಧಾರಣವಾಗಿರುವವರು ಉದ್ಯೋಗ, ಕೂಲಿಗಳ ಬಗ್ಗೆ ಸಂಶೋಧನೆ ಮಾಡಬಹುದೇ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಸಂಖ್ಯಾಶಾಸ್ತ್ರವನ್ನು ಮಾತ್ರ ಪಟ್ಟು ಹಿಡಿದು ಕಲಿಯಿರಿ, ಅದರಲ್ಲಿ ರಿಯಾಯಿತಿ ಇಲ್ಲ.

ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅವರ 1994ರ ಪ್ರಬಂಧವನ್ನು ಓದಿ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿತು, ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಎರಡೂ ಕಡೆಯ 410 ಫಾಸ್ಟ್‌ಫುಡ್ ಮಳಿಗೆಗಳನ್ನು ಏರಿಕೆಗೆ ಮೊದಲೊಮ್ಮೆ, ಆಮೇಲೊಮ್ಮೆ ವಿಚಾರಿಸಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಸಣ್ಣ ಸಂಗತಿ: ಎರಡನೇ ಸುತ್ತಿನಲ್ಲಿ ಫೋನಿನಲ್ಲಿ ಉತ್ತರ ಸಿಗದ ಮಳಿಗೆಗಳಿಗೆ ಜನರನ್ನೇ ಕಳುಹಿಸಿದರು. ಮುಚ್ಚಿಹೋದ ಮಳಿಗೆ ಲೆಕ್ಕದಿಂದ ಬಿಟ್ಟುಹೋದರೆ, ಅಲ್ಲಿ ಹೋದ ಕೆಲಸಗಳೂ ಕಾಣದೆ ಹೋಗುತ್ತವಲ್ಲ! ಕೂಲಿ ಏರಿದ್ದರಿಂದ ಕೆಲಸ ಕಡಿಮೆಯಾಯಿತು ಎನ್ನಲು ಅವರಿಗೆ ಪುರಾವೆ ಸಿಗಲಿಲ್ಲ. ಆ ಬಗ್ಗೆ ವಾದ ಇನ್ನೂ ನಿಂತಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ನೀವು ಆರಂಭಿಸಬೇಕಾದದ್ದು ಕಾರ್ಮಿಕ ಸಮೀಕ್ಷೆಯ ಪ್ರಶ್ನಾವಳಿಯಿಂದ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವಾರದಲ್ಲಿ ಒಂದೇ ಗಂಟೆ ಕೂಲಿಗೆ ದುಡಿದವರೂ ಉದ್ಯೋಗದಲ್ಲಿರುವವರೇ. ಇದನ್ನು ಅರಿಯದೆ ದಯವಿಟ್ಟು ನಿರುದ್ಯೋಗದ ಪ್ರಮಾಣದ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ.